ಸೊಸೆಯರ ಗುಂಪಿನ ಸಿಂಧೂ ಕಾಕೂ

ಸಾತಾರೆಗೆಲ್ಲ ಸಿಂಧೂ ಕಾಕೂ, ಅಂದರೆ ಸಿಂಧೂ ಚಿಕ್ಕಮ್ಮ, ಆಗಿರುವ ನನ್ನ ಅತ್ತೆ ತಮ್ಮ ಗಂಡನ ಮೂಲವ್ಯಾಧಿಯನ್ನು ಕೊತ್ತಂಬರಿ ಮಾರುವವಳಿಗೂ ವರ್ಣಿಸಿ ಹೇಳುವವರು. ಆದರೆ ಊರ ಆರುನೂರು ಸೊಸೆಯರು ಗೋಳು ತೋಡಿಕೊಳ್ಳುವ ಆನ್‌ಲೈನ್ ಗುಂಪಿಗೆ ಅಡ್ಮಿನ್ ಆದಮೇಲೆ ಅಲ್ಲಿಯ ಒಂದು ಮಾತೂ ಅವರ ಬಾಯಿಂದ ಹೊರಬಿದ್ದಿಲ್ಲ. ಹೊಸಬಳು ಸೇರಬೇಕೆಂದರೆ ಫೋನು ಮಾಡಿ, "ಏನಮ್ಮಾ, ಮಾತು ಹೊಟ್ಟೇಲಿ ಇಟ್ಕೋತೀಯಾ, ಇಲ್ಲಾ ನನ್ನ ಹಾಗೇನಾ?" ಎಂದು ಕೇಳುತ್ತಾರೆ. ಸ್ಕ್ರೀನ್‌ಶಾಟ್ ಹೊರಗೆ ಕಳಿಸಿದ ಸ್ವಂತ ತಂಗಿಯನ್ನೇ ತೆಗೆದುಹಾಕಿದರು, ಆಕೆ ಮದುವೆಮನೆಯಲ್ಲಿ ಮುಖ ತಿರುಗಿಸಿದಾಗ ಎರಡು ಪೂರಣಪೋಳಿ ಹೆಚ್ಚಿಗೆ ಬಡಿಸಿ, "ತಿನ್ನೇ. ಮನೆಗೆ ಬಾ, ಗುಂಪಿಗೆ ಮಾತ್ರ ಬರಬೇಡ" ಎಂದರು. ಹೋದ ತಿಂಗಳು ನಾನೂ ಹೆಸರು ಮರೆಮಾಡಿ ಅಲ್ಲಿಗೆ ಬರೆದೆ: "ನಮ್ಮತ್ತೆ ಭಾನುವಾರಾನೂ ಬೆಳಿಗ್ಗೆ ಐದಕ್ಕೇ ಶೇಂಗಾ ಚಟ್ನಿ ಕುಟ್ತಾರೆ, ನಿದ್ದೇನೇ ಇಲ್ಲ." ಕಾಕೂ ಒಂದಕ್ಷರ ತಿದ್ದದೆ ಅದನ್ನು ಒಪ್ಪಿ ಗುಂಪಿಗೆ ಹಾಕಿ, ಕೆಳಗೆ "ಎಂಥಾ ಅತ್ತೆಯಮ್ಮಾ ಅದು!" ಎಂದು ಬರೆದರು. ಆಮೇಲಿನಿಂದ ಭಾನುವಾರ ಎಂಟರವರೆಗೆ ಮನೆಯಲ್ಲಿ ಕುಟ್ಟುವ ಸದ್ದಿಲ್ಲ. ಕೊತ್ತಂಬರಿಯವಳು ಕೇಳಿದರೆ "ಕೈ ನೋವು ಕಣೇ" ಎನ್ನುತ್ತಾರೆ. ಪಾಪ ಎಂದು ನಾನು ದಿನಾ ಎಣ್ಣೆ ತಿಕ್ಕಿದೆ. ಮರೆಮಾಡಿದ ಹೆಸರು ಅಡ್ಮಿನ್‌ಗೆ ಮಾತ್ರ ಕಾಣುತ್ತದೆಂದು ನಿನ್ನೆ ಗೊತ್ತಾಯಿತು. ಇವತ್ತೂ ಆ ಕೈಗೆ ಎಣ್ಣೆ ತಿಕ್ಕಿದೆ.