ತಿದಿಯ ಮೇಲಿನ ಅಂಗೈ

ನಲವತ್ತು ವರ್ಷ ಡ್ಯಾನ್ಸ್ ಶಾಲೆಯಲ್ಲಿ ಅಕಾರ್ಡಿಯನ್ ನುಡಿಸಿದವನಿಗೆ ಬೆನ್ನು ಕೈಕೊಟ್ಟಿತು. ಹನ್ನೊಂದು ಕಿಲೋ ಭಾರವನ್ನು ದಿನಾ ಎದೆಗೆ ಕಟ್ಟಿಕೊಂಡು ಕೂತರೆ ಬೆನ್ನೇನು ಕಬ್ಬಿಣವೇ? ಇನ್ನೊಮ್ಮೆ ಅದನ್ನು ಎತ್ತಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಮಗಳು ಅಂಗಡಿಯಿಂದ ಎಲೆಕ್ಟ್ರಾನಿಕ್ ಅಕಾರ್ಡಿಯನ್ನೊಂದನ್ನು ನಾಲ್ಕು ದಿನ ನೋಡಲೆಂದು ತಂದಿಟ್ಟಳು. ತೂಕ ಬರೀ ಆರು ಕಿಲೋ.

ಆಸಾಮಿ ಅಷ್ಟು ಸುಲಭಕ್ಕೆ ಮಣಿಯುವವನಲ್ಲ. ಹೊಸ ಸೊಸೆಯಲ್ಲಿ ತಪ್ಪು ಹುಡುಕುವ ಅತ್ತೆಯ ಹಾಗೆ ಅದರಲ್ಲಿ ಕೊಂಕು ಹುಡುಕಿದ. ಶ್ರುತಿ ಎಲ್ಲೂ ಜಾರಲಿಲ್ಲ. ಹಳೆಯದರ ಹೊಟ್ಟೆಯಲ್ಲಿ ಲೋಹದ ನಾಲಿಗೆಗಳಿದ್ದವು. ತಿದಿ ಎಳೆದಾಗ ಗಾಳಿ ತಾಗಿ ಅವು ಅದುರಿದರೇ ನಾದ. ಇದರಲ್ಲಿ ನಾಲಿಗೆಯೇ ಇಲ್ಲ, ಹಾಡುವುದೆಲ್ಲ ಸ್ಪೀಕರು. "ಇದು ಹಾಡಲ್ಲ, ಹಾಡಿನ ಫೋಟೊ" ಎಂದು ಮಗಳ ಮುಂದೆ ಗೊಣಗಿದ. ಆದರೂ ಎರಡು ಗಂಟೆ ನುಡಿಸಿ ಎದ್ದಾಗ ಬೆನ್ನು ತಕರಾರು ಎತ್ತಲಿಲ್ಲ.

ಕೊನೆಯ ತೀರ್ಪು ಮಾತ್ರ ಅವನದಲ್ಲ. ಹೆಂಡತಿಗೆ ಕಿವಿ ಪೂರ್ತಿ ಹೋಗಿ ಆರು ವರ್ಷವಾಗಿತ್ತು. ಅಂದಿನಿಂದ ಪ್ರತಿ ಸಂಜೆ ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನುಡಿಸಿದರೆ, ಅವಳು ತಿದಿಯ ಮೇಲೆ ಅಂಗೈಯಿಟ್ಟು ಆ ಅದುರಿನಲ್ಲೇ ಹಾಡು ಯಾವುದೆಂದು ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿದವಳಲ್ಲ. ಆ ಕೈಗೆ ಹಾಡು ಮುಟ್ಟದಿದ್ದರೆ ಅವನು ಇನ್ನು ನುಡಿಸುವುದಾದರೂ ಯಾರಿಗಾಗಿ?

ನಾಲ್ಕನೆಯ ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡು, ಹೊಸದನ್ನು ಹೆಗಲಿಗೇರಿಸಿ, ಅವಳಿಗಿಷ್ಟವಾದ ಹಾಡನ್ನೇ ಎತ್ತಿಕೊಂಡ. ಅವಳು ಅಂಗೈಯಿಟ್ಟಳು, ಕಣ್ಣು ಮುಚ್ಚಿ ತಲೆದೂಗಿದಳು. ಕೋಣೆಯಲ್ಲಿ ಕೀಗಳ ಟಪಟಪ ಬಿಟ್ಟರೆ ಸದ್ದೇ ಇಲ್ಲ. ಕರೆಂಟಿನ ಹಂಗಿಲ್ಲದೆ ಜೀವಮಾನವಿಡೀ ನುಡಿಸಿದವನು ಸ್ವಿಚ್ ಹಾಕುವುದನ್ನೇ ಮರೆತಿದ್ದ. ತನ್ನ ಪೆದ್ದುತನಕ್ಕೆ ನಗುತ್ತ ಸ್ವಿಚ್ಚಿನತ್ತ ಕೈ ಚಾಚುವಷ್ಟರಲ್ಲಿ ಅವಳು ಕಣ್ಣು ತೆರೆದಳು.

"ಚೆನ್ನಾಗಿ ಕೇಳಿಸ್ತಿದೆ ಕಣ್ರೀ. ನಮ್ಮ ಹಾಡೇ ಅಲ್ವಾ? ಹಳೇದಕ್ಕಿಂತ ಇದೇ ಮೇಲು. ಅದನ್ನ ಇನ್ನು ಎತ್ತಬೇಡಿ."

ಅವನ ನಗು ಅಲ್ಲೇ ನಿಂತಿತು. ಹಾಡು ಯಾವುದೆಂದು ಅವಳು ಹೇಳಿರಲಿಲ್ಲ. ಅವಳ ಕಣ್ಣು ಬೆನ್ನುನೋವಿಗೆಂದು ಅವನು ಕಟ್ಟಿಕೊಂಡಿದ್ದ ಸೊಂಟದ ಬೆಲ್ಟಿನ ಮೇಲಿತ್ತು.

"ಹಾಗಾದ್ರೆ ಇದೇ ಇರ್ಲಿ" ಎಂದು ಅವಳಿಗೆ ತಿಳಿಯುವಂತೆ ತುಟಿ ಬಿಡಿಸಿ ಹೇಳಿದ. ಸ್ವಿಚ್ ಹಾಕಲಿಲ್ಲ. ಹಾಡನ್ನು ಕೊನೆಯ ಸಾಲಿನವರೆಗೂ ನುಡಿಸಿದ, ಅವಳೂ ಅಲ್ಲಿಯವರೆಗೆ ಕೈ ತೆಗೆಯಲಿಲ್ಲ.