ಫ್ರೀಜರಿನಲ್ಲಿ ತಂಗಿಯ ಜಾಗ

"ಈಗ ಎಷ್ಟು ಗುಣ ಉಂಟು?"

ನೆಂಟರ ಬಾಯಲ್ಲಿ ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕುಸಾಕಾಗಿದೆ. ತಂಗಿಗಿರುವುದು ಜ್ವರವಲ್ಲ, ಥರ್ಮಾಮೀಟರ್ ಇಟ್ಟು ನೋಡಿ ಹೇಳಲಿಕ್ಕೆ. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ಹೆಸರು ಅಮ್ಮನ ಬಾಯಿಗೆ ಇವತ್ತಿಗೂ ಬರುವುದಿಲ್ಲ. ನಮಗೆ ಮೊದಲು ಗೊತ್ತಿದ್ದದ್ದು ಇಷ್ಟೇ: ಯಾರಾದರೂ ಫೋನ್ ಎತ್ತದಿದ್ದರೆ ಅವಳಿಗೆ ಲೋಕವೇ ಕೈಬಿಟ್ಟ ಹಾಗಾಗುತ್ತದೆ, ಬೆಳಿಗ್ಗೆ ಜೀವದ ಗೆಳತಿಯಾಗಿದ್ದವಳು ಸಂಜೆಗೆ ಶತ್ರುವಾಗುತ್ತಾಳೆ, ಆಮೇಲೆ ಬಚ್ಚಲುಮನೆಯ ಚಿಲಕ ಟಪ್ಪೆಂದು ಬೀಳುತ್ತದೆ. ಒಳಗೆ ಅವಳು ತನ್ನ ಕೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಳು. ಹೊರಗೆ ನಾನೂ ಅಮ್ಮನೂ ಬಾಗಿಲು ಬಡಿಯುತ್ತಿದ್ದೆವು.

ಈಗ ಪ್ರತಿ ಶನಿವಾರ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಡಂತ್ಯಾರಿನಿಂದ ವಾಮದಪದವು ದಾಟಿ ಮೂಡುಬಿದಿರೆಗೆ ಹೋಗುತ್ತೇನೆ. ಅಲ್ಲಿನ ಥೆರಪಿ ಮೇಡಂ ಮೊದಲ ದಿನವೇ ಹೇಳಿಬಿಟ್ಟಿದ್ದರು: "ಈ ಕಾಯಿಲೆಗೆ ಮಾತ್ರೆಗಿಂತ ಥೆರಪಿಯೇ ಮುಖ್ಯ. ಗಾಯ ಮಾಡಿಕೊಳ್ಳುವುದು ಕಡಿಮೆ ಆಗಬಹುದು. ಒಳಗೆ ಖಾಲಿ ಖಾಲಿ ಅನಿಸುವುದು ಹೋಗ್ಲಿಕ್ಕೆ ಸಮಯ ಬೇಕು. ಎಲ್ಲರಿಗೂ ಒಂದೇ ಹಾಗೆ ಆಗ್ತದೆ ಅಂತ ನಾನು ಹೇಳುದಿಲ್ಲ."

"ಗ್ಯಾರಂಟಿ ಕೊಡದಿದ್ರೆ ಅವರು ಎಂತ ಡಾಕ್ಟ್ರು?" ಎಂದವರು ದೊಡ್ಡಮ್ಮ. ಅಮ್ಮನ ಅಕ್ಕ, ಮನೆ ಬಂಟ್ವಾಳದಲ್ಲಿ. "ಬರೀ ಮಾತಾಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ ಮಾರಾಯ್ತಿ? ಮಾತಾಡ್ಲಿಕ್ಕೆ ನಾವಿಲ್ವಾ?"

ನೀವಿದ್ದೀರಲ್ಲ, ಅದೇ ತೊಂದರೆ. ನಾಲಿಗೆಯ ತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದ್ದೇನೋ!

ಥೆರಪಿಯಲ್ಲಿ ಕಲಿಸಿದ ಉಪಾಯಗಳಲ್ಲಿ ಐಸ್ ಒಂದು. ತಡೆಯಲಾರದಷ್ಟು ಸಂಕಟವಾದಾಗ ಐಸ್ ತುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಬೇಕು. ಮನಸ್ಸು ಆ ಚಳಿಯ ಕಡೆಗೆ ತಿರುಗುತ್ತದೆ, ಆ ಗಳಿಗೆ ದಾಟಿಹೋಗುತ್ತದೆ. ಅದಕ್ಕೇ ನಮ್ಮ ಫ್ರೀಜರಿನ ತುಂಬ ಐಸ್ ಟ್ರೇಗಳು. ಯಾವಾಗಲೂ ಕೆಲಸ ಮಾಡುತ್ತದೆ ಎಂದಲ್ಲ. ಒಂದು ಕೈಯಲ್ಲಿ ಐಸ್ ಹಿಡಿದು ಇನ್ನೊಂದು ಕೈಯಿಂದ ಫೋನನ್ನು ಗೋಡೆಗೆ ಎಸೆದದ್ದೂ ಉಂಟು. ಅಂಥ ದಿನ, ದೇವರೇ, ಈ ಶನಿವಾರಗಳೆಲ್ಲ ದಂಡ ಎಂದು ನನಗೂ ರೋಸಿಹೋಗುತ್ತದೆ.

ಕಳೆದ ತಿಂಗಳು ದೊಡ್ಡಮ್ಮ ಒಂದು ಚೀಲ ಬಂಗುಡೆ ಮೀನು ಹಿಡಿದುಕೊಂಡು ಬಂದು ಎರಡು ದಿನ ಉಳಿದರು. ಮರುದಿನ ಮಧ್ಯಾಹ್ನ ನಾನು ಊಟ ಬಡಿಸುತ್ತಿದ್ದಾಗ ತಂಗಿಯ ಎದುರಿಗೇ ಅಮ್ಮನಿಗೆ ಹೇಳಿದರು: "ಒಂದು ಮದುವೆ ಮಾಡಿಬಿಡುವ. ತಲೆಯಲ್ಲಿ ಇದ್ದದ್ದೆಲ್ಲ ತನ್ನಿಂದ ತಾನೇ ಇಳೀತದೆ."

ತಂಗಿ ತಟ್ಟೆ ಬಿಟ್ಟೆದ್ದಳು. ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು. ಆಮೇಲೆ ಅವಳ ಸ್ವರ: "ಅಕ್ಕ, ಐಸ್ ಎಲ್ಲಿ?"

"ಓ ಅದಾ?" ಎಂದರು ದೊಡ್ಡಮ್ಮ. "ನಿನ್ನೆಯೇ ಚೆಲ್ಲಿದೆ. ಮೀನು ಇಡ್ಲಿಕ್ಕೆ ಜಾಗ ಬೇಡ್ವಾ? ನೀರಲ್ವಾ, ಇನ್ನೊಮ್ಮೆ ಇಟ್ರೆ ಆಯ್ತು."

ನನ್ನ ಕಿವಿ ಬಚ್ಚಲಿನ ಚಿಲಕಕ್ಕೆ ಕಾದಿತ್ತು. ಬಾಯಿ ಮಾತ್ರ ನನ್ನ ಹಿಡಿತ ತಪ್ಪಿತು. ನುಂಗಿ ಇಟ್ಟದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ನಿಮಗೆ ಮೀನು ದೊಡ್ಡದಾ, ಅವಳ ಜೀವ ದೊಡ್ಡದಾ ಎಂದೆ. ನಮ್ಮ ಮನೆಗೆ ಬರುವುದೇ ಬೇಡ ಎಂದೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೈಯಲ್ಲಿದ್ದ ಸಾರಿನ ಸೌಟನ್ನು ದೊಡ್ಡಮ್ಮನ ಮುಖದೆದುರು ಬೀಸುತ್ತಲೇ ಇದ್ದೆ.

ಯಾರೋ ಆ ಸೌಟನ್ನು ಮೆಲ್ಲ ತೆಗೆದುಕೊಂಡರು. ತಂಗಿ. ಅವಳ ಬಲಗೈಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾದ ಬಂಗುಡೆಯ ಕಟ್ಟು, ಬೆರಳುಗಳು ಕೆಂಪಗಾಗಿದ್ದವು. ಅಷ್ಟು ಹೊತ್ತು ಅವಳು ಅದನ್ನೇ ಹಿಡಿದುಕೊಂಡು ಫ್ರಿಜ್ಜಿನ ಎದುರು ನಿಂತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು. ಆ ಕಟ್ಟನ್ನು ನನ್ನ ಅಂಗೈಗೆ ಒತ್ತಿದಳು.

"ಹಿಡ್ಕೊ ಅಕ್ಕ. ಈಗ ಮಾತಾಡ್ಬೇಡ. ಸ್ವಲ್ಪ ಹೊತ್ತು, ಅಷ್ಟೇ."

ಹಿಡಿದುಕೊಂಡೆ. ಮತ್ತೆಂತ ಮಾಡುವುದು?

ದೊಡ್ಡಮ್ಮ ನಮ್ಮಿಬ್ಬರನ್ನೂ ನೋಡಿ, ಅಮ್ಮನ ಕಿವಿಯ ಹತ್ತಿರ ಬಾಗಿ, ಮನೆಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದರು: "ದೊಡ್ಡವಳಿಗೂ ಉಂಟಾ ಅದು? ಶನಿವಾರ ಇವಳನ್ನು ಸಣ್ಣವಳೇ ಕರ್ಕೊಂಡು ಹೋಗ್ಲಿ."

ತಂಗಿಗೆ ಅಳುವಿನ ನಡುವೆಯೇ ನಗು ಬಂತು. ನನಗೆ ಬರಲಿಲ್ಲ. ಮೀನು ಹಿಡಿದುಕೊಂಡೇ ಬಚ್ಚಲಿನ ಕಡೆ ನೋಡಿದೆ. ಬಾಗಿಲು ತೆರೆದೇ ಇತ್ತು.