ಪಾವು ಹಾಕದ ಬೆಳಿಗ್ಗೆ

ನನ್ನ ಅಣ್ಣನನ್ನು ಕೊಂದವರು, ಮೋಡ ಕವಿದ ಬೆಳಿಗ್ಗೆ ಅವನೊಬ್ಬನನ್ನೇ ಬೆಟ್ಟದ ಮೇಲೆ ಹಾರಲು ಕಳುಹಿಸಿದ ತರಬೇತಿಯ ಅಧಿಕಾರಿಗಳು. ಆಮೇಲೆ ತಪ್ಪನ್ನು ಸತ್ತವನ ಮೇಲೆಯೇ ಹೊರಿಸಿ ಕೈ ತೊಳೆದುಕೊಂಡವರೂ ಅವರೇ. ಇದನ್ನು ನಾನು ತಲೆಯೆತ್ತಿ ಹೇಳಬೇಕಾಗಿತ್ತು. ಹೇಳಲಾರೆ. ಆ ಸುಳ್ಳು ನಿಲ್ಲುವುದಕ್ಕೆ ನೆಲ ಕೊಟ್ಟದ್ದು ನಮ್ಮ ಬೀದಿ. ಬೀದಿಯಲ್ಲೂ ನಮ್ಮದೇ ಮನೆ.

ಅಣ್ಣನೆಂದರೆ ನನ್ನ ದೊಡ್ಡಪ್ಪನ ಒಬ್ಬನೇ ಮಗ. ಅವಿನಾಶಿಯ ಹತ್ತಿರ, ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಆಡುವ ನೇಕಾರರ ಬೀದಿಯಲ್ಲಿ ಇಬ್ಬರೂ ಬೆಳೆದೆವು. ನಾನು ಓದಲೆಂದು ಮದರಾಸಿಗೆ ಹೋದೆ. ಅವನಿಗೆ ಯಂತ್ರಗಳ ಹುಚ್ಚು. ಸಿಂಗಾನಲ್ಲೂರಿನ ಗಿರಣಿಯೊಂದನ್ನು ಸೇರಿದ. ಅಲ್ಲಿಯ ಯಜಮಾನರ ಆಸರೆಯಿಂದ ವಿಮಾನ ನಡೆಸುವುದನ್ನೂ ಕಲಿತ. ಯುರೋಪಿನಲ್ಲಿ ಯುದ್ಧ ಶುರುವಾದದ್ದೇ ತಡ, ಅಂಥ ಹುಡುಗರನ್ನು ಸೇನೆಯ ತರಬೇತಿಗೆ ಸೇರಿಸಿಕೊಂಡರು. ಕೋಯಮತ್ತೂರಿನ ಪೂರ್ವದ ಬಯಲಿನಲ್ಲಿ ಸಮ ಮಾಡಿದ ಒಂದು ಮೈದಾನದಿಂದ ಅವರು ದಿನವೂ ಹಾರುತ್ತಿದ್ದರು.

ಒಮ್ಮೆ ಅವರು ಹಾರುವ ದಾರಿ ನಮ್ಮ ಬೀದಿಯ ಪಕ್ಕದ ಸೇಲಂ ರಸ್ತೆಯ ಮೇಲೆಯೇ ಬಿದ್ದಿತ್ತು. ತಿಳಿಯಾದ ಬೆಳಿಗ್ಗೆ. ಬೀದಿಯ ಉದ್ದಕ್ಕೂ ಪಾವು ಹಾಕಿದ್ದರು. ಸೀರೆಗೆ ಬೇಕಾದ ಉದ್ದ ನೂಲನ್ನೆಲ್ಲ ಬಿದಿರಿನ ಕವೆಗಳ ಮೇಲೆ ಬಿಗಿದು, ಗಂಜಿ ಬಳಿದು, ಇಬ್ಬದಿಯಲ್ಲೂ ಕುಂಚ ಹಿಡಿದು ತಿಕ್ಕುತ್ತ ನಡೆಯುವ ಕೆಲಸವದು. ಎಳೆಬಿಸಿಲಿಗೆ ಎಳೆಗಳು ಬಿಡಿಬಿಡಿಯಾಗಿ ಒಣಗಬೇಕು. ಅಣ್ಣ ಮೇಲಿಂದ ರೆಕ್ಕೆ ವಾಲಿಸಿ ಹೋದನಂತೆ. ಬೀದಿಗೆ ಬೀದಿಯೇ ಕುಂಚ ಎತ್ತಿ ಕೂಗಿತಂತೆ. ಮುಂದೆ ರಜೆಗೆ ಬಂದಾಗ ಊಟಕ್ಕೆ ಕುಳಿತು ಅದನ್ನೇ ವರ್ಣಿಸಿದ. ಆಗ ನಾನೂ ಊರಲ್ಲಿದ್ದೆ.

"ಮೇಲಿಂದ ನೋಡಿದ್ರೆ ನಮ್ಮ ಬೀದಿ, ಹಣೆಗೆ ವಿಭೂತಿ ಎಳ್ದಂಗೆ ಕಾಣುತ್ತಮ್ಮಾ."

"ಕೆಳಗಿದ್ದಾಗ ಒಂದು ದಿನ ಕುಂಚ ಮುಟ್ಟಿದ್ದಿಲ್ಲ," ಎಂದರು ದೊಡ್ಡಮ್ಮ, ಸಾರು ಬಡಿಸುತ್ತ. "ಮೇಲೆ ಹೋಗಿ ಅಂದ ನೋಡ್ತಾರಂತೆ, ದೊರೆ!"

ದೊಡ್ಡಪ್ಪ ನಗಲಿಲ್ಲ. "ನಾನು ಕಂಡ್ನಾ?" ಎಂದು ಕೇಳಿದರು.

"ನಿಮ್ಮ ತಲೆಗುಡ್ಡೆ ಕಾಣ್ದೆ ಇರುತ್ತಾ ಅಪ್ಪಾ? ಬಿಸಿಲಿಗೆ ಹೊಳೀತಿತ್ತು."

ಅವರ ಬೋಳುತಲೆಯ ಮಾತಿಗೆ ಎಲ್ಲರೂ ನಕ್ಕೆವು. ಅವರೂ ನಕ್ಕರು, ಕೊನೆಗೆ.

ತಮಿಳರ ಐಪ್ಪಸಿ ತಿಂಗಳ ಮಳೆಗಾಲದಲ್ಲಿ ಅವನು ಸತ್ತ. ಪಶ್ಚಿಮದ ಬೆಟ್ಟಸಾಲಿನಲ್ಲಿ, ದನ ಮೇಯಿಸುವವರೂ ಅಪರೂಪಕ್ಕೆ ಹೋಗುವ ಕಾಡಿನ ತುದಿಯಲ್ಲಿ ವಿಮಾನ ಬಂಡೆಗೆ ಅಪ್ಪಳಿಸಿತ್ತು. ಶವ ಇಳಿಸಲಾಗದೆ ಅಲ್ಲೇ ಮಣ್ಣು ಮಾಡಿದರು. ತಂತಿ ತಲುಪಿ ನಾನು ಮದರಾಸಿನಿಂದ ಊರಿಗೆ ಬರುವ ಹೊತ್ತಿಗೆ ವಿಚಾರಣೆಯ ಅಧಿಕಾರಿ ನಮ್ಮ ಮನೆಗೆ ಬಂದು ಹೋಗಿಯೂ ಆಗಿತ್ತು. ಅವರ ತೀರ್ಮಾನವನ್ನು ಈಚೆಗೆ ಗ್ರಾಮ ಮುನ್ಸೀಫರು ಬೀದಿಯವರ ಮುಂದೆ ತಮಿಳಿನಲ್ಲಿ ಓದಿ ಹೇಳಿದರು: ಮೃತನು ಅಪ್ಪಣೆಯಿಲ್ಲದೆ ದಾರಿ ಬಿಟ್ಟು ತನ್ನ ಬೀದಿಯ ಪಾವು ನೋಡಲು ಬಂದು ಹೊತ್ತು ಕಳೆದನು, ಕಳೆದ ಹೊತ್ತನ್ನು ತುಂಬಿಕೊಳ್ಳಲು ಅವಸರದಿಂದ ಬೆಟ್ಟ ಹೊಕ್ಕನು, ಅಪಘಾತಕ್ಕೆ ಅವನೇ ಕಾರಣನು.

ಓದು ಮುಗಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಏಕೆಂದರೆ ಆ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಪಾವೇ ಇರಲಿಲ್ಲ. ಅನ್ನೂರಿನಿಂದ ಸಿಂಗಾನಲ್ಲೂರಿನವರೆಗೆ ನಸುಕಿನಿಂದಲೇ ತುಂತುರು ಹಿಡಿದಿತ್ತು. ಗಂಜಿ ಬಳಿದ ನೂಲಿಗೆ ಹನಿ ಬಿದ್ದರೆ ಎಳೆಗೆ ಎಳೆ ಅಂಟಿ ಇಡೀ ಪಾವು ಹಾಳು. ಬುದ್ಧಿ ನೆಟ್ಟಗಿರುವ ಯಾವ ನೇಕಾರನೂ ಅಂಥ ದಿನ ನೂಲನ್ನು ಹೊರಗೆ ತರುವುದಿಲ್ಲ. ಇದು ನಮ್ಮ ಬೀದಿಯ ಪ್ರತಿ ಮನೆಗೂ ಗೊತ್ತು. ಮುನ್ಸೀಫರ ಮಾತು ಕೇಳುತ್ತ ಕುಳಿತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಆ ಮಾತನ್ನು ಅಧಿಕಾರಿಯ ಬಾಯಿಗೆ ಕೊಟ್ಟವರು ದೊಡ್ಡಪ್ಪ. ನಿಮ್ಮ ಮಗ ಈ ಕಡೆ ಬರುತ್ತಿದ್ದನೇ ಎಂದು ಕೇಳಿದ್ದಕ್ಕೆ ಎದ್ದು ನಿಂತು, ಕೈ ಮುಗಿದು, "ಎನ್ನೈ ಪಾಕ್ಕತ್ತಾನುಂಗ ವಂದಾನ್" ಎಂದರಂತೆ. ನನ್ನನ್ನು ನೋಡುವುದಕ್ಕೇ ಬಂದ, ಅಂದೂ ಬಂದ, ಪಾವು ನೋಡಿ ಹೋದ. ಸುತ್ತ ನಿಂತವರು ತಲೆಯಾಡಿಸಿದರಂತೆ. ಸಾವಿನ ಮನೆಯ ಹಿರಿಯನನ್ನು ಹೊರಗಿನವರ ಎದುರು ಸುಳ್ಳುಗಾರನನ್ನಾಗಿ ಮಾಡಬಾರದು ಎಂಬುದು ನಮ್ಮವರ ಮರ್ಯಾದೆ. ಆ ಮರ್ಯಾದೆ ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ಮನೆಮನೆಗೆ ಹೋಗಿ ಕೇಳಿದೆ: ಸೇನೆಯವರಿಗೆ ಅರ್ಜಿ ಬರೆಯುತ್ತೇನೆ, ಬಂದು ನಿಜ ಹೇಳುವಿರಾ?

"ಹೋದ ಜೀವ ತಿರುಗಿ ಬರುತ್ತಾ, ಕಂದಾ?" ಎಂದರು ಪಕ್ಕದ ಮನೆಯ ಮಾವ. "ಈಗ ತಾನೆ ಪಟಾಳಕ್ಕೆ ಗಾಯಕಟ್ಟೋ ಬಟ್ಟೆ ನೇಯಕ್ಕೆ ನಮಗೆ ಕೊಟ್ಟವ್ರೆ. ದೊರೆಗಳ ಕೂಡ ಜಗಳ ಯಾಕೆ? ನೀನು ಓದ್ಕೊಂಡಿದ್ದೀಯ, ನಾಳೆ ಮದರಾಸಿಗೆ ಹೋಗ್ಬಿಡ್ತೀಯ."

ಸೇನೆಯ ಗಾಯಕ್ಕೆ ನಾವು ಬಟ್ಟೆ ನೇಯುತ್ತಿದ್ದೆವು. ನಮ್ಮ ಮನೆಯ ಗಾಯಕ್ಕೆ ಬೀದಿಯಲ್ಲಿ ಒಂದು ಮಾತು ಹುಟ್ಟಲಿಲ್ಲ. ಓದಿದ ಕಾಲೇಜಿನ ಹೆಸರನ್ನು ಹೆಮ್ಮೆಯಿಂದ ಹೇಳುವ ನಾನು, ಯಾವ ಬೀದಿಯವರು ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ.

ಕೊನೆಗೆ ದೊಡ್ಡಪ್ಪನ ಮುಂದೆಯೇ ಕುಳಿತೆ. ಅವರು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ನೇಯದೆ ಸುಮ್ಮನೆ ಇದ್ದರು.

"ಅವತ್ತು ಪಾವು ಹಾಕಿದ್ರಾ, ದೊಡ್ಡಪ್ಪಾ?"

"ತೂರಲ್ ಇತ್ತು, ಹನಿ ಬೀಳ್ತಿತ್ತು. ಹಾಕಿರ್ಲಿಲ್ಲ."

"ಗೊತ್ತಿದ್ದೂ ಯಾಕೆ ಹೇಳಿದ್ರಿ?"

ಲಾಳಿಯನ್ನು ಅಂಗೈಯಲ್ಲಿ ತಿರುಗಿಸಿದರು. "ಯಾರೋ ಹೋಗು ಅಂದ್ರು, ಹೋದ, ಯಾರೂ ಕಾಣದ ಕಾಡಿನಾಗೆ ಬಿದ್ದ. ಅದನ್ನ ಹೆಂಗಪ್ಪಾ ಮನಸ್ನಾಗೆ ಇಟ್ಕೊಳ್ಳೋದು? ಕೊನೇಗೆ ನನ್ನ ನೋಡಿ ಹೋದ ಅಂತಾದ್ರೂ ಇರಲಿ ಅಂದ್ಕೊಂಡೆ. ಅದು ಅವನ ತಲೆ ಮೇಲೆ ಹೋಗಿ ಕೂರುತ್ತೆ ಅಂತ ಯಾರು ಕಂಡ್ರು?"

ಒಲೆಯ ಬಳಿಯಿಂದ ದೊಡ್ಡಮ್ಮ ಹೇಳಿದರು: "ನಿಮಗೆ ಬೇಕು ಅಂತ ಮಗನ್ನ ಮಾತಿನಾಗೆ ಇಲ್ಲೀಗಂಟ ಕರ್ಕೊಂಡು ಬಂದ್ರಿ. ಈಗ ಊರೆಲ್ಲ ಅವನ್ನ ಪೋಕ್ರಿ ಅಂತೈತೆ. ಹೇಳಿದ್ ಕೆಲಸಾನೇ ಮಾಡಕ್ಕೆ ಹೋಗಿದ್ದ, ನನ್ನ ಮಗ."

ದೊಡ್ಡಪ್ಪ ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ಲಾಳಿಯನ್ನು ಬದಿಗಿಟ್ಟು, ಗುಂಡಿಯಿಂದ ಮೇಲೆ ಬಂದು, ನನ್ನ ಎದುರಿಗೆ ಕುಳಿತರು.

"ಬರಿ," ಎಂದರು. "ನನ್ನ ನೋಡಕ್ಕೆ ಬರ್ಲಿಲ್ಲ ಅಂತ ಬರಿ. ನಾನೇ ಬಂದು ಹೇಳ್ತೀನಿ. ಕರೆದ ಕಡೆ ಬರ್ತೀನಿ."

ಒಬ್ಬ ತಂದೆ ತನ್ನಲ್ಲಿ ಉಳಿದಿದ್ದ ಒಂದೇ ಸಮಾಧಾನವನ್ನು ಹೀಗೆ ಹಿಂದಕ್ಕೆ ಕೊಟ್ಟಿದ್ದಾರೆ. ಆದ್ದರಿಂದ ಆ ತರಬೇತಿಗೆ ಹೊಣೆಗಾರರಾದ ಸೇನಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಬೆಟ್ಟದ ಬುಡವೂ ಕಾಣದಿದ್ದ ಆ ಬೆಳಿಗ್ಗೆ ಕಲಿಯುವ ಹುಡುಗನೊಬ್ಬನನ್ನು ಒಂಟಿಯಾಗಿ ಬೆಟ್ಟದ ಮೇಲೆ ಹಾರಿಸುವಂತೆ ಅಪ್ಪಣೆ ಕೊಟ್ಟವರು ಯಾರು, ಹವೆ ನೋಡಿ ಕೊಟ್ಟರೋ ನೋಡದೆ ಕೊಟ್ಟರೋ ಎಂಬುದಕ್ಕೆ ಬರಹದಲ್ಲಿ ಉತ್ತರ ಕೊಡಬೇಕು. ನನ್ನ ದೊಡ್ಡಪ್ಪನ ಹೇಳಿಕೆಯನ್ನು ಹೊಸದಾಗಿ ಪಡೆದು, ಮೃತನೇ ಕಾರಣನೆಂಬ ತೀರ್ಮಾನವನ್ನು ರದ್ದು ಮಾಡಬೇಕು. ರದ್ದಾದ ಸಂಗತಿಯನ್ನು, ಮೊದಲಿನದನ್ನು ಓದಿಸಿದಂತೆಯೇ, ನಮ್ಮ ಬೀದಿಯಲ್ಲಿ ಎಲ್ಲರೂ ಕೇಳುವಂತೆ ಓದಿಸಬೇಕು. ಅಂದು ತಲೆಯಾಡಿಸಿದವರೆಲ್ಲ ಅಲ್ಲಿ ಕುಳಿತಿರಬೇಕು. ನಾನೂ ಇರುತ್ತೇನೆ.